ಮಾರ್ಚ್ ಒಂದರ ಹಳ್ಳ

ಮೊನ್ನೆ ವಡೋದರಾದಲ್ಲಿ ಮೊಮ್ಮಗಳು ನನ್ನೆದುರು ಹತ್ತೂ ಬೆರಳು ಚಾಚಿ ಕೂತು ಉಗುರಿಗೆ ಬಣ್ಣ ಹಚ್ಚು ಎಂದು ಹಟ ಹಿಡಿದಳು. ಹಟ ಹಿಡಿದದ್ದು ಗುಜರಾತಿಯಲ್ಲಿ. ಕನ್ನಡದಲ್ಲಿ ಅವಳಿಗೆ ಸಲೀಸಾಗಿ ಬರುವುದು ಅಜ್ಜ, ಬಾ, ಬೇಡ ಎಂಬ ಮೂರೇ ಮಾತು. ಆ ಮೂರರಲ್ಲೇ ನನ್ನನ್ನು ಕುಣಿಸುತ್ತಾಳೆ. ಸೀಸೆಯ ಮುಚ್ಚಳ ತಿರುಗಿಸಿದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಅಹಮದಾಬಾದಿನ ಮಣಿನಗರದ ಹೋಟೆಲೊಂದರ ತಾರಸಿಯ ಮೇಲಿದ್ದೆ. ಫೆಬ್ರವರಿಯ ಇಳಿಬಿಸಿಲು ಬೆನ್ನಿಗೆ ಹಿತವಾಗಿತ್ತು, ಪಕ್ಕದಲ್ಲಿ ಹೋಟೆಲಿನ ಮಾಲೀಕ ಶೆಟ್ರು ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು ಗಾಳದ ಮುಳ್ಳಿಗೆ ನವಿಲುಗರಿಯ ಎಳೆ ಸುತ್ತುತ್ತಿದ್ದರು. ಮೊಮ್ಮಗಳ ಎರಡು ಬೆರಳಿಗೆ ಹಚ್ಚಿ ಮೂರನೆಯದಕ್ಕೆ ಕೈ ನಿಂತುಹೋಯಿತು. "ಅಜ್ಜ!" ಎಂದು ಗದರಿಸಿದಳು.

ಉಗುರುಬಣ್ಣಕ್ಕೂ ಗಾಳಕ್ಕೂ ಏನು ಸಂಬಂಧ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ತುಮಕೂರು ಕಡೆಯವನು. ನಮ್ಮದು ಮೀನು ತಿನ್ನುವ ಮನೆಯಲ್ಲ. ಇಪ್ಪತ್ತಾರನೆಯ ವಯಸ್ಸಿನಲ್ಲಿ ತೈಲ ಕಂಪನಿಯ ಸರ್ವೇ ತಂಡದ ಜತೆ ಒಂದು ಚಳಿಗಾಲ ಹಿಮಾಚಲದ ಕಾಂಗಡಾ ಕಡೆಯ ಬೆಟ್ಟದಲ್ಲಿ ಬೀಡುಬಿಟ್ಟಿದ್ದೆ. ನಮ್ಮ ಡೇರೆಗಳ ಕೆಳಗೇ ಒಂದು ಹಳ್ಳ. ಹತ್ತು ಹೆಜ್ಜೆಗೆ ಆಚೆ ದಡ ಸಿಗುವಷ್ಟು ಪುಟ್ಟದು, ತಳದ ಕಲ್ಲುಗಳನ್ನು ಎಣಿಸಬಹುದಾದಷ್ಟು ತಿಳಿ. ಅದರಲ್ಲಿ ಟ್ರೌಟ್ ಎಂಬ ಮೀನು. ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟದ್ದಂತೆ. ಚಳಿಗಾಲ ಅದು ಮೊಟ್ಟೆಯಿಡುವ ಕಾಲ, ಆಗ ಯಾರೂ ಗಾಳ ಹಾಕುವ ಹಾಗಿಲ್ಲ. ಮಾರ್ಚ್ ಒಂದನೇ ತಾರೀಖಿಗೆ ಹಳ್ಳ ತೆರೆಯುತ್ತದೆ. ಅಲ್ಲಿಯವರೆಗೆ ಅದನ್ನು ಕಾಯಲು ಇಲಾಖೆಯ ಒಬ್ಬ ಕಾವಲುಗಾರನಿದ್ದ, ಪ್ರೇಮ್‌ಸಿಂಗ್ ಅಂತ. ನಾವೆಲ್ಲ ಚಾಚಾ ಎನ್ನುತ್ತಿದ್ದೆವು.

ಹಿಮ ಬಿದ್ದು ಕೆಲಸ ನಿಂತ ದಿನಗಳಲ್ಲಿ ಚಾಚಾ ನನಗೆ ಪಾಠ ಹೇಳಿದ. ಈ ಮೀನಿಗೆ ಎರೆಹುಳ ಹಾಕಬಾರದು. ಮುಳ್ಳಿಗೆ ಗರಿ, ದಾರ ಸುತ್ತಿ ನೀರ ಮೇಲೆ ಕೂರುವ ಹುಳದ ಹಾಗೆ ಕಾಣಿಸಬೇಕು. ಅದನ್ನು ಎಸೆಯುವುದಲ್ಲ, ಇಳಿಸುವುದು. ಮಾರ್ಚ್ ಮೊದಲಲ್ಲಿ ಬೆಳಗಾಗುತ್ತಲೇ ಹೋಗಿ ನಿಲ್ಲುವವನು ದಡ್ಡ. ಹಿಮ ಕರಗಿದ ನೀರಿನಲ್ಲಿ ಮೀನು ಕಲ್ಲಿನಡಿ ಮರಗಟ್ಟಿ ಮಲಗಿರುತ್ತದೆ, ಬಿಸಿಲು ನೀರಿಗೆ ಇಳಿದ ಮೇಲೇ ಅದಕ್ಕೆ ಎಚ್ಚರ, ಹಸಿವು ಎರಡೂ. ಸಿಕ್ಕ ಮೀನನ್ನು ಬಿಡುವ ಮನಸ್ಸಿದ್ದರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಇಷ್ಟೆಲ್ಲ ಕಲಿತು, ದಿನ ಎಣಿಸಿ, ಇನ್ನು ಮೂರೇ ದಿನ ಎನ್ನುವಾಗ ತಂತಿ ಬಂತು: ಕೂಡಲೇ ಅಹಮದಾಬಾದಿಗೆ ಹೋಗಿ ಕೆಲಸಕ್ಕೆ ಹಾಜರಾಗತಕ್ಕದ್ದು. ಚಾಚಾ ನಕ್ಕ. "ಹಳ್ಳ ಎಲ್ಲಿಗೆ ಓಡಿಹೋಗುತ್ತೆ ಬೇಟಾ, ಬರುವ ಮಾರ್ಚಿಗೆ ಬಾ" ಎಂದ.

ಬರುವ ಮಾರ್ಚು ಬರಲೇ ಇಲ್ಲ. ಕಚೇರಿ ನೌಕರನ ಬದುಕಿನಲ್ಲಿ ಮಾರ್ಚ್ ಎಂಬುದು ತಿಂಗಳಲ್ಲ, ಅದೊಂದು ಗಂಡಾಂತರ. ಮೊದಲು ವರ್ಷಾಂತ್ಯದ ಲೆಕ್ಕ, ಆಮೇಲೆ ಮದುವೆ, ಆಮೇಲೆ ಮಗಳು ದೀಪಾಳ ಪರೀಕ್ಷೆಗಳು. ಮಾರ್ಚಿನಲ್ಲಿ ರಜೆ ಕೇಳಿದರೆ ಸಾಹೇಬರು ನನ್ನ ಆರೋಗ್ಯ ವಿಚಾರಿಸುತ್ತಿದ್ದರು. ಚಾಂದ್‌ಖೇಡಾದ ಕ್ವಾರ್ಟರ್ಸಿನ ಗೋಡೆಯಾಚೆ ಒಂದು ಮುತ್ತುಗದ ಮರವಿತ್ತು. ಫೆಬ್ರವರಿಯಲ್ಲಿ ಅದು ಎಲೆಯುದುರಿಸಿ ಹೂವಿಗೆ ತಿರುಗಿತೆಂದರೆ ನನ್ನ ಹೊಟ್ಟೆಯೊಳಗೆ ತಣ್ಣೀರು ಹರಿದಂತಾಗುತ್ತಿತ್ತು. ಈಗ ಅಲ್ಲಿ ಹಿಮ ಕರಗುತ್ತಿದೆ, ಚಾಚಾ ದಡದ ಮೇಲೆ ಅಡ್ಡಾಡುತ್ತಿದ್ದಾನೆ, ನಾನು ಇಲ್ಲಿ ಟೈ ಕಟ್ಟಿಕೊಂಡು ಮೀಟಿಂಗಿಗೆ ಹೋಗುತ್ತಿದ್ದೇನೆ. ಇದನ್ನು ಹೆಂಡತಿ ಸರಳಾಗೆ ಬಿಟ್ಟು ಇನ್ನಾರಿಗೂ ಹೇಳಿರಲಿಲ್ಲ. ಅವಳಾದರೂ ನನ್ನ ಬೇರೆ ಹುಚ್ಚುಗಳ ಜತೆಗೆ ಇದನ್ನೂ ಸೇರಿಸಿಕೊಂಡಿದ್ದಳು.

ಐದು ವರ್ಷದ ಹಿಂದೆ ನಿವೃತ್ತನಾದೆ. ಅದರ ಬೆನ್ನಿಗೇ ಬಂದ ಜನವರಿಯಲ್ಲಿ, ಉತ್ತರಾಯಣದ ಗಾಳಿಪಟಗಳ ಗದ್ದಲವೆಲ್ಲ ಮುಗಿದ ವಾರ, ಮಣಿನಗರ ಸ್ಟೇಷನ್ನಿನ ಹತ್ತಿರದ ಶೆಟ್ಟರ ಹೋಟೆಲಿಗೆ ಗೋಳಿಬಜೆ ತಿನ್ನಲು ಹೋಗಿದ್ದೆ. ಉಡುಪಿಯ ಹತ್ತಿರದ ಹೊಳೆಬದಿಯಿಂದ ಹದಿನೆಂಟರ ವಯಸ್ಸಿಗೆ ಬಂದು, ತಟ್ಟೆ ತೊಳೆಯುವುದರಿಂದ ಶುರುಮಾಡಿ, ಸ್ವಂತ ಹೋಟೆಲು ಮಾಡಿದವರು ಅವರು. ಹದಿನೈದು ವರ್ಷದ ಪರಿಚಯ.

"ರಿಟೈರ್ ಆಯ್ತಲ್ಲ ಸಾರ್, ಇನ್ನು ಎಂತ ಮಾಡುವ ಅಂದಾಜು?" ಎಂದರು.

"ಮಾರ್ಚ್ ಒಂದಕ್ಕೆ ಹಿಮಾಚಲಕ್ಕೆ ಹೋಗ್ತೀನಿ ಶೆಟ್ರೆ. ಮೀನು ಹಿಡಿಯೋಕೆ."

ಶೆಟ್ರು ಗಲ್ಲೆಯ ಮೇಲಿಂದ ಬಾಗಿ ನಾಲ್ಕೂ ದಿಕ್ಕು ನೋಡಿದರು. "ಸ್ವಲ್ಪ ಮೆಲ್ಲ ಹೇಳಿ ಮಾರಾಯ್ರೇ. ಶುದ್ಧ ಸಸ್ಯಾಹಾರಿ ಅಂತ ಹೊರಗೆ ಬೋರ್ಡು ಉಂಟು. ಎಂತ ಮೀನು? ತಿನ್ಲಿಕ್ಕೆ ಹೇಗೆ?"

"ನಾನು ತಿನ್ನೋದಿಲ್ವಲ್ಲ. ಹಿಡಿದು ವಾಪಸ್ ಬಿಡೋದು."

"ತಿನ್ಲಿಕ್ಕಿಲ್ಲದ ಮೀನಿಗೆ ಅಷ್ಟು ದೂರ ಹೋಗುವವರನ್ನು ಇವತ್ತೇ ನೋಡಿದ್ದು!" ಎಂದು ನಕ್ಕರು. ನಗು ನಿಂತ ಮೇಲೆ, "ನಾನು ಗಾಳ ಮುಟ್ಟದೆ ನಲವತ್ತು ವರ್ಷ ದಾಟಿತು. ಈ ಹೋಟೆಲು ಹಾಕಿದ ಮೇಲೆ ಹೊಳೆಯ ಕನಸು ಬಿದ್ರೂ ಭಯ ಆಗ್ತದೆ, ಗಿರಾಕಿಗೆ ಗೊತ್ತಾದೀತು ಅಂತ" ಎಂದರು. ನಾನು ಬಿಲ್ಲು ಕೊಟ್ಟು ಹೊರಡುವಾಗ ಬಾಗಿಲವರೆಗೆ ಬಂದು, "ಒಬ್ರೇ ಹೋಗುದಾ?" ಎಂದು ಕೇಳಿದರು.

ಹಾಗೆ ಆ ಫೆಬ್ರವರಿ ಶುರುವಾಯಿತು. ಹೋಟೆಲಿನವರಿಗೆ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಸತ್ತ ಹೊತ್ತು. ಊಟದ ಗಲಾಟೆ ಮುಗಿದಿರುತ್ತದೆ, ಸಂಜೆಯ ಹಿಟ್ಟು ರುಬ್ಬಿ ಆಗಿರುತ್ತದೆ, ಕೆಲಸದವರು ಬೆಂಚಿನ ಮೇಲೆ ಒರಗಿರುತ್ತಾರೆ. ಆ ಒಂದೂವರೆ ಗಂಟೆ ನಮ್ಮದು. ನಾನು ಚಾಂದ್‌ಖೇಡಾದಿಂದ ಬಸ್ಸು ಹಿಡಿದು ಬರುತ್ತಿದ್ದೆ. ತಾರಸಿಯ ಮೇಲೆ ನೆನಪಿನಿಂದ ಹಳ್ಳವನ್ನು ಹಾಸಿದೆ. ಇಡ್ಲಿ ಪಾತ್ರೆಯ ಮುಚ್ಚಳಗಳು ಮಡುಗಳಾದವು, ಕವುಚಿಟ್ಟ ದಬರಿಗಳು ಬಂಡೆಗಳಾದವು. ಇಲ್ಲಿ ನೀರು ಎರಡಾಗಿ ಒಡೆಯುತ್ತದೆ, ಇಲ್ಲಿ ಒಂದು ದೇವದಾರು ಬಾಗಿದೆ, ಮೂರನೆಯ ಮಡುವಿನ ನೆತ್ತಿಯಲ್ಲಿ ಆನೆ ಮಲಗಿದ ಹಾಗೆ ಒಂದು ಬಂಡೆ, ಅದರ ಎಡಮಗ್ಗುಲಲ್ಲಿ ದೊಡ್ಡ ಮೀನು. ಶೆಟ್ರು ಒಂದೊಂದನ್ನೂ ಕೇಳಿ ಕೇಳಿ ಮನಸ್ಸಿಗೆ ಇಳಿಸಿಕೊಂಡರು. ತಪ್ಪಿ ದಬರಿಯ ಮೇಲೆ ಕಾಲಿಟ್ಟರೆ, "ಅಯ್ಯಯ್ಯೋ, ಜಾರಿದೆ!" ಎಂದು ತಾವೇ ಕೂಗುತ್ತಿದ್ದರು.

ಗಾಳದ ಕೋಲನ್ನು ನಾನು ಅಂಚೆಯಲ್ಲಿ ತರಿಸಿದೆ. ಹುಳ ಕಟ್ಟುವ ಸಾಮಗ್ರಿ ಊರೇ ಕೊಟ್ಟಿತು. ಕ್ವಾರ್ಟರ್ಸಿನ ಬೇಲಿಯ ಬುಡದಲ್ಲಿ ನವಿಲುಗಳು ಉದುರಿಸಿದ ಗರಿ ಬೇಕಾದಷ್ಟು ಸಿಗುತ್ತಿತ್ತು. ಸೂರತ್ತಿನಲ್ಲಿ ಸಣ್ಣ ಹೋಟೆಲು ನಡೆಸುವ ಶೆಟ್ಟರ ಮಗ ಅಲ್ಲಿಯ ಜರಿ ಅಂಗಡಿಯಿಂದ ಚಿನ್ನದ ಬಣ್ಣದ ಎಳೆ ಕಳಿಸಿದ; ಹುಳದ ಹೊಟ್ಟೆಗೆ ಅದನ್ನು ಎರಡು ಸುತ್ತು ಹಾಕಿದರೆ ಬಿಸಿಲಿಗೆ ಹೊಳೆಯುತ್ತಿತ್ತು. ಕೊನೆಗೆ ಗಂಟು ಬಿಚ್ಚದಿರಲು ಒಂದು ತೊಟ್ಟು ಉಗುರುಬಣ್ಣ. ಸರಳಾ ಸೀಸೆ ನೋಡಿ, "ನನಗೇ ತಂದಿರಬಹುದು ಅಂದ್ಕೊಂಡೆ ಕಣ್ರೀ. ಮೂವತ್ತು ವರ್ಷದಲ್ಲಿ ಮೊದಲನೇ ಸಲ ತಂದಿದ್ದು, ಅದೂ ಮೀನಿಗೆ" ಎಂದಳು. ಮಾರನೇ ದಿನ ಅವಳಿಗೂ ಒಂದು ತಂದೆ, ಅವಳು ಹಚ್ಚಿಕೊಳ್ಳಲಿಲ್ಲ.

ತಾರಸಿಯಲ್ಲಿ ಕೋಲು ಬೀಸಿ ದಾರ ಹಾರಿಸುವುದನ್ನು ಪಕ್ಕದ ಮನೆಯ ಹೆಂಗಸು ಹಪ್ಪಳ ಒಣಗಿಸುತ್ತ ನೋಡುತ್ತಿದ್ದಳು. ನಾಲ್ಕನೇ ದಿನ ತಡೆಯಲಾರದೆ, "ಕಾಕಾ, ಉತ್ತರಾಯಣ್ ತೋ ಗಯೀ!" ಎಂದಳು, ಹಬ್ಬ ಮುಗಿದುಹೋಯಿತಲ್ಲ ಎಂದು. ಗಾಳಿಪಟವೂ ಇಲ್ಲದೆ, ಹಬ್ಬವೂ ಇಲ್ಲದೆ ಬರೀ ದಾರ ಹಾರಿಸುವ ಇಬ್ಬರು ಮುದುಕರ ಬಗ್ಗೆ ಆ ಓಣಿಯಲ್ಲಿ ಏನೇನು ಮಾತಾಯಿತೋ. ಶೆಟ್ರು ಎಲ್ಲರಿಗೂ ಯಾತ್ರೆಗೆ ಹೋಗುವುದಿದೆ, ಇದು ತೋಳಿನ ನೋವಿಗೆ ವೈದ್ಯರು ಹೇಳಿದ ವ್ಯಾಯಾಮ ಎಂದು ಹೇಳಿದರು. ಸುಳ್ಳು ಹೇಳುವುದರಲ್ಲಿ ಅವರಿಗೆ ಅಷ್ಟು ಕೈ ಪಳಗಿದೆ ಎಂದು ನನಗೆ ಗೊತ್ತಾದದ್ದೇ ಆಗ.

ನಿಜ ಹೇಳಬೇಕೆಂದರೆ, ಆ ನಾಲ್ಕು ವಾರದಲ್ಲಿ ನಾನು ಸುಖವಾಗಿದ್ದಷ್ಟು ಇನ್ನಾವತ್ತೂ ಇರಲಿಲ್ಲ. ಬೆಳಿಗ್ಗೆ ಎದ್ದು ಹವಾಮಾನ ನೋಡುತ್ತಿದ್ದೆ, ಅಹಮದಾಬಾದಿನದಲ್ಲ, ಕಾಂಗಡಾದ್ದು. ಅಲ್ಲಿ ಮೋಡ ಎಂದರೆ ಇಲ್ಲಿ ನನ್ನ ಮುಖ ಬಾಡುತ್ತಿತ್ತು. ಇಪ್ಪತ್ತೇಳರ ಬೆಳಿಗ್ಗೆಯ ರೈಲಿಗೆ ಎರಡು ಟಿಕೆಟ್, ಪಠಾಣ್‌ಕೋಟಿನವರೆಗೆ. ಮಗಳಿಗೆ ಹೆರಿಗೆ ಮಾರ್ಚ್ ಕೊನೆಗೆ ಎಂದಿದ್ದರು, ಅಷ್ಟರಲ್ಲಿ ಬಂದುಬಿಡುತ್ತೇನೆ ಎಂದು ಸರಳಾಗೆ ಮಾತು ಕೊಟ್ಟಿದ್ದೆ.

ಇಪ್ಪತ್ತಾರರ ಸಂಜೆ ವಡೋದರಾದಿಂದ ಅಳಿಯನ ಫೋನು ಬಂತು. ದೀಪಾಗೆ ರಕ್ತದೊತ್ತಡ ಏರಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ, ಕಾಯಲಾಗುವುದಿಲ್ಲ, ಆಪರೇಷನ್ ಮಾಡಬೇಕಾದೀತು. ಸರಳಾ ಆಗಲೇ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ನಾನು ಏನು ಮಾಡಿದೆ ಎಂದು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ. "ನೀನು ಇವತ್ತು ಹೋಗಿರು. ನಾನು ಒಂದು ಮೂರು ದಿನ ಬಿಟ್ಟು..." ಎಂದು ಶುರುಮಾಡಿದೆ. ಸರಳಾ ತಿರುಗಿ ನೋಡಿದಳು, ಅಷ್ಟೇ. ನಾನು ಒಳಗೆ ಹೋಗಿ ನನ್ನ ಅಂಗಿಗಳನ್ನು ತಂದು ಅದೇ ಚೀಲಕ್ಕೆ ಹಾಕಿದೆ.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಶೆಟ್ಟರಿಗೆ ಫೋನು ಮಾಡಿ ಟಿಕೆಟ್ ರದ್ದು ಮಾಡಲು ಹೇಳಿದೆ. ಅವರು ಆಟೋ ಹಿಡಿದು ಪ್ಲಾಟ್‌ಫಾರ್ಮಿಗೇ ಬಂದರು, ದಾರಿಗೆಂದು ಚಪಾತಿ ಪಲ್ಯದ ಪೊಟ್ಟಣ ಹಿಡಿದು. ಸರಳಾಳ ಕೈಗೆ ಅದನ್ನು ಕೊಟ್ಟು ನನ್ನ ಕಡೆ ತಿರುಗಿದರು. "ನಿಮ್ಮ ಟಿಕೇಟು ರದ್ದು ಮಾಡ್ತೇನೆ, ನಂದು ಇರ್ಲಿ. ನಾನು ಹೋಗ್ತೇನೆ."

"ಒಬ್ಬರೇ? ನಿಮಗೆ ಆ ಜಾಗ ಗೊತ್ತಿಲ್ಲ ಶೆಟ್ರೆ."

"ಗೊತ್ತಿಲ್ಲದೆ ಎಂತ? ತಿಂಗಳಿಡೀ ಅದರಲ್ಲೇ ನಡೆದದ್ದಲ್ಲವಾ? ಹಳ್ಳ ತೆರೆಯುವ ದಿನ ನಿಮ್ಮ ಕಡೆಯಿಂದ ಒಬ್ಬ ಅಲ್ಲಿ ಇರ್ಬೇಕು. ಮೂವತ್ತು ಮೂವತ್ತೈದು ವರ್ಷ ಕಾದದ್ದು ಹಾಳಾಗಬಾರ್ದು."

ಇಪ್ಪತ್ತೆಂಟಕ್ಕೆ ಆಪರೇಷನ್ ಆಯಿತು. ಮಗು ಅಂಗೈಯಗಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ದೀಪಾ ಕಣ್ಣು ಬಿಡಲು ಬಹಳ ಹೊತ್ತು ಹಿಡಿಯಿತು, ಬಿಟ್ಟವಳು ಮಗುವನ್ನೇ ಕೇಳಿದಳು. ವೈದ್ಯರು ನಲವತ್ತೆಂಟು ಗಂಟೆ ಏನೂ ಹೇಳಲಾಗುವುದಿಲ್ಲ ಎಂದರು. ಮಾರ್ಚ್ ಒಂದರ ಬೆಳಿಗ್ಗೆ ಹತ್ತೂವರೆಗೆ ನಾನು ಆ ಕೋಣೆಯ ಹೊರಗೆ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದೆ. ಹಳ್ಳದ ನೆನಪೂ ಇರಲಿಲ್ಲ. ಆಗ ಫೋನು ಬಂತು.

"ಸಾರ್, ಮಗು ಹೇಗುಂಟು?"

ಹೇಳಿದೆ. ನಲವತ್ತೆಂಟು ಗಂಟೆ ಎಂಬುದನ್ನು ಎರಡೆರಡು ಸಲ ಹೇಳಿದೆ. ಆ ಕಡೆಯಿಂದ ಹೆಜ್ಜೆಯ ಸದ್ದು ಕೇಳಿತು, ಆಮೇಲೆ ನೀರು ಬೀಳುವ ಸದ್ದು.

"ನಾನು ಹಳ್ಳದಲ್ಲೇ ನಿಂತಿದ್ದೇನೆ" ಎಂದರು ಕೊನೆಗೆ. "ಎಲ್ಲ ನೀವು ಹೇಳಿದ ಹಾಗೇ ಉಂಟು. ಈಗ ನೀವು ಹೇಳಿ, ನಾನು ಹಾಕ್ತೇನೆ."

"ಬಿಸಿಲು ನೀರಿಗೆ ಇಳಿದಿದೆಯಾ?"

"ಈಗಷ್ಟೇ ಇಳೀತಾ ಉಂಟು. ಆಚೆ ದಡ ಇನ್ನೂ ನೆರಳು."

ನಾನು ಎದ್ದು ಕಾರಿಡಾರಿನ ಕಿಟಕಿಗೆ ಹೋಗಿ ನಿಂತೆ. ಎರಡನೇ ಮಡುವನ್ನು ಬಿಡಿ, ಬಗ್ಗಿ ನಡೆಯಿರಿ, ನಿಮ್ಮ ನೆರಳು ನೀರಿಗೆ ಬೀಳಬಾರದು ಎಂದೆ. ಆನೆಬಂಡೆ ಕಾಣುತ್ತಿದೆಯಾ ಎಂದೆ. "ಕಾಣ್ತದೆ, ಹಿಂದೆ ಪಾಚಿ ಕಟ್ಟಿದೆ" ಎಂದರು. ಮೊದಲನೆಯ ಎಸೆತ ಹೆಚ್ಚು ದೂರ ಹೋಯಿತಂತೆ. ಎರಡನೆಯದು ದೇವದಾರಿನ ಕೊಂಬೆಗೆ ಸಿಕ್ಕಿತಂತೆ. ಅದನ್ನು ಬಿಡಿಸುವವರೆಗೆ ನಾನು ಕಾದೆ. ಮೂರನೆಯದಕ್ಕೆ ಶೆಟ್ರು ಕೂಗಿದರು. "ಬಂತು ಬಂತು ಮಾರಾಯ್ರೇ! ಎಳೀತಾ ಉಂಟು!"

"ಅವಸರ ಮಾಡಬೇಡಿ. ದಾರ ಸಡಿಲ ಬಿಡಬೇಡಿ. ಕೈ ಒದ್ದೆ ಮಾಡ್ಕೊಳ್ಳಿ, ಶೆಟ್ರೆ, ಕೈ!"

"ಮಾಡಿದೆ, ಮಾಡಿದೆ. ಕೈಯಲ್ಲುಂಟು. ಹೊಟ್ಟೆ ಬೆಣ್ಣೆಯ ಹಾಗೆ. ಮೈಮೇಲೆ ಕೆಂಪು ಚುಕ್ಕೆ, ಚುಕ್ಕೆಯ ಸುತ್ತ ಬಿಳಿ ಬಳೆ."

"ಬಿಟ್ಟುಬಿಡಿ."

"ಬಿಟ್ಟೆ. ಸ್ವಲ್ಪ ಹೊತ್ತು ಹಾಗೇ ನಿಂತಿತು. ಬಾಲ ಆಡಿಸಿತು. ಹೋಯ್ತು ಸಾರ್. ಗಟ್ಟಿ ಉಂಟು, ಬದುಕ್ತದೆ."

ನಾನು ಕಿಟಕಿಯ ಸರಳು ಹಿಡಿದುಕೊಂಡು ಅತ್ತೆ. ಮೂರು ದಿನದಿಂದ ತಡೆದಿಟ್ಟದ್ದೆಲ್ಲ ಹರಿದುಹೋಯಿತು. ಸರಳಾ ಬಂದು ಪಕ್ಕದಲ್ಲಿ ನಿಂತಳು. ಮಗು ಗಾಜಿನ ಪೆಟ್ಟಿಗೆಯಿಂದ ಹೊರಬರಲು ಇನ್ನೂ ಹನ್ನೊಂದು ದಿನ ಬೇಕಾಯಿತು, ಆದರೆ ಆ ಹನ್ನೊಂದು ದಿನವೂ ನಾನು ನೆಟ್ಟಗೆ ನಿಂತಿದ್ದೆ.

ಶೆಟ್ರು ಹಿಂದಿರುಗಿದ ಮೇಲೆ ಒಂದು ಫೋಟೋ ಆದರೂ ತೆಗೆಯಬಾರದಿತ್ತೇ ಎಂದೆ. "ಫೋನಿನಲ್ಲಿ ನೀವು ಇದ್ರಲ್ಲ, ಫೋಟೋ ಎಂತದರಲ್ಲಿ ತೆಗೆಯುದು?" ಎಂದು ನನ್ನನ್ನೇ ದಬಾಯಿಸಿದರು. ಮುಂದಿನ ವರ್ಷ ಇಬ್ಬರೂ ಹೋಗೋಣ ಎಂದೆ. ಹ್ಞೂಂ ಎಂದರು, ಅಷ್ಟೇನೂ ಉತ್ಸಾಹ ತೋರಲಿಲ್ಲ. ಮುಂದಿನ ವರ್ಷದ ಹೊತ್ತಿಗೆ ಮೊಮ್ಮಗಳ ಆರೈಕೆಗೆಂದು ನಾವು ವಡೋದರಾಕ್ಕೆ ಬಂದಿದ್ದೆವು. ಅದರ ಮುಂದಿನ ವರ್ಷ ಶೆಟ್ಟರ ಮೊಣಕಾಲು ಕೈಕೊಟ್ಟಿತು. ಅವರು ಮಣಿನಗರದ ಹೋಟೆಲನ್ನು ಬೇರೆಯವರಿಗೆ ವಹಿಸಿ ಸೂರತ್ತಿನ ಮಗನ ಮನೆಗೆ ಹೋದರು.

ಹೋದ ಅಕ್ಟೋಬರಿನಲ್ಲಿ, ದೀಪಾವಳಿ ರಜೆಗೆ, ಮಗಳ ಸಂಸಾರದ ಜತೆ ಹಿಮಾಚಲಕ್ಕೆ ಹೋದೆವು. ಗಾಳ ಹಾಕುವ ಕಾಲ ಮುಗಿಯುತ್ತ ಬಂದಿತ್ತು, ನೋಡಿಯಾದರೂ ಬರೋಣವೆಂದು ಕಾಡಿ ಬೇಡಿ ಕಾರನ್ನು ಆ ಬೆಟ್ಟದ ದಾರಿಗೆ ತಿರುಗಿಸಿದೆ. ಹಳ್ಳ ಇರಲಿಲ್ಲ. ಗುಡ್ಡದ ಒಂದು ಪಾಲು ಪೂರ್ತಿ ಜಾರಿ ಕಣಿವೆಯನ್ನು ತುಂಬಿತ್ತು. ಬಂಡೆ, ಬೂದು ಮಣ್ಣು, ಬುಡಮೇಲಾದ ದೇವದಾರುಗಳು; ಅವುಗಳ ಮೇಲೆ ಆಗಲೇ ಪೊದೆ ಬೆಳೆದಿತ್ತು. ರಸ್ತೆಬದಿಯ ಚಹಾದಂಗಡಿಯವನು, ಇದೆಲ್ಲ ಆಗಿ ಏಳು ಮಳೆಗಾಲ ಆಯಿತು ಸಾಬ್ ಎಂದ.

ಏಳು. ನಾನು ಮೊಮ್ಮಗಳ ವಯಸ್ಸನ್ನು ಬೆರಳಲ್ಲಿ ಎಣಿಸಿದೆ, ಮತ್ತೊಮ್ಮೆ ಎಣಿಸಿದೆ; ಐದೂ ತುಂಬಿರಲಿಲ್ಲ.

ನನ್ನ ಮುಖ ನೋಡಿ ಚಹಾದವನೇ ಮಾತು ಮುಂದುವರಿಸಿದ. ಕೆಲವು ವರ್ಷದ ಹಿಂದೆ ಗುಜರಾತಿನಿಂದ ಒಬ್ಬ ಮುದುಕ ಇದೇ ಹಳ್ಳ ಹುಡುಕಿಕೊಂಡು ಬಂದಿದ್ದನಂತೆ, ಮಂಗನ ಟೋಪಿ ಹಾಕಿಕೊಂಡು. ನೋಡಿ ತಲೆಯ ಮೇಲೆ ಕೈಹೊತ್ತು ಕೂತವನು, ಆಮೇಲೆ ಅಂಗಡಿಯ ಪಕ್ಕದ ಕೊಳಾಯಿಯ ಹತ್ತಿರ ಹೋಗಿ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕೋಲು ಹಿಡಿದು ಯಾವುದೋ ಭಾಷೆಯಲ್ಲಿ ಅರ್ಧ ಗಂಟೆ ಕೂಗಾಡಿದನಂತೆ. ಡಾಂಬರು ರಸ್ತೆಯ ಮೇಲೆ ಬಗ್ಗಿ ಬಗ್ಗಿ ನಡೆದನಂತೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಕ್ಕರಂತೆ. "ಫೋನು ಇಟ್ಟ ಮೇಲೆ ಗಳಗಳ ಅತ್ತ ಸಾಬ್. ನಾನೇ ಒಂದು ಲೋಟ ಚಹಾ ಕೊಟ್ಟೆ" ಎಂದ.

ಮೊದಲು ಬಂದದ್ದು ಸಿಟ್ಟು. ನನ್ನನ್ನು ಮಗುವಿನ ಹಾಗೆ ಆಡಿಸಿದರಲ್ಲ ಎಂದು. ಆಮೇಲೆ ಬಂದದ್ದಕ್ಕೆ ಸಿಟ್ಟು ಎಂಬ ಹೆಸರು ಹೊಂದುವುದಿಲ್ಲ. ನಾಲ್ಕು ತಿಂಗಳು ಶೆಟ್ಟರಿಗೆ ಫೋನು ಮಾಡಲಿಲ್ಲ. ಅವರು ಮಾಡಿದಾಗ ಹಿಮಾಚಲಕ್ಕೆ ಹೋಗಿದ್ದೆವು ಎಂದಷ್ಟೇ ಹೇಳಿ ಮಾತು ತಿರುಗಿಸಿದೆ. ಮೊನ್ನೆ ಆ ಬಣ್ಣದ ವಾಸನೆ ಬಂದಾಗ ಮಾತ್ರ ಇನ್ನು ತಡೆಯುವುದು ನನ್ನಿಂದಾಗಲಿಲ್ಲ. ಮಾರನೆಯ ಬೆಳಿಗ್ಗೆ ಸೂರತ್ತಿನ ರೈಲು ಹತ್ತಿದೆ.

ಮಗನ ಹೋಟೆಲಿನಲ್ಲಿ ಮೂಲೆಯ ಕುರ್ಚಿ ಅವರದು. ಊಟದ ಗಿರಾಕಿಗಳು ಹೋಗಿದ್ದರು. ಸೊರಗಿದ್ದಾರೆ, ಕಾಲು ಚಾಚಿಯೇ ಕೂರಬೇಕು. ನನ್ನನ್ನು ನೋಡಿದ್ದೇ ಮುಖ ಅರಳಿತು, ತಕ್ಷಣ ಏನೋ ನೆನಪಾಗಿ ಸಣ್ಣದಾಯಿತು. ಎರಡು ಕಾಫಿ ಹೇಳಿದರು. ಕಾಫಿ ಮುಗಿಯುವವರೆಗೆ ಮೊಣಕಾಲಿನ ವಿಷಯ, ಮೊಮ್ಮಗಳ ವಿಷಯ, ತೆಂಗಿನಕಾಯಿಯ ವಿಷಯ. ಆಮೇಲೆ ಲೋಟವನ್ನೇ ನೋಡುತ್ತಾ ಕೇಳಿದರು.

"ಅಲ್ಲಿಗೂ ಹೋಗಿದ್ರಾ?"

"ಹೋಗಿದ್ದೆ."

"ಹಾಗಾದ್ರೆ ಬೈಲಿಕ್ಕೆ ಬಂದದ್ದು." ಲೋಟವನ್ನು ಪಕ್ಕಕ್ಕೆ ಸರಿಸಿ ಹೇಳಿದರು, "ಎಂತ ಮಾಡುದು ಮಾರಾಯ್ರೇ, ಇಲ್ಲ ಅಂತ ಹೇಳುವ ಅಂತಲೇ ಫೋನು ಮಾಡಿದ್ದು. ನಿಮ್ಮ ಸ್ವರ ಕೇಳಿದ ಮೇಲೆ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ."

"ಬೈಯೋಕೆ ಬಂದಿಲ್ಲ ಶೆಟ್ರೆ."

"ಮತ್ತೆ?"

"ಆವತ್ತಿಂದು ಇನ್ನೊಂದು ಸಲ ಹೇಳಿ. ಮೊದಲಿಂದ."

ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ನಾನು ತಮಾಷೆ ಮಾಡುತ್ತಿಲ್ಲ ಎಂದು ಅವರಿಗೆ ಖಾತ್ರಿಯಾಗಲು ಒಂದಷ್ಟು ಹೊತ್ತು ಬೇಕಾಯಿತು. ಹೊರಗೆ ಆಟೋಗಳ ಗದ್ದಲ. ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡು, ನೋಯುವ ಕಾಲನ್ನು ಎರಡೂ ಕೈಯಿಂದ ಎತ್ತಿ ಈಚೆಗಿಟ್ಟು, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ನಾವಿಬ್ರೂ ಹತ್ತು ಗಂಟೆಗೆ ಹಳ್ಳಕ್ಕೆ ಇಳಿದದ್ದು" ಎಂದು ಶುರುಮಾಡಿದರು. "ಬಿಸಿಲು ಆಗಷ್ಟೇ ಬೀಳ್ತಾ ಇತ್ತು. ನೀವು ಮುಂದೆ, ನಾನು ಹಿಂದೆ. ನೀರು ಎಂತ ತಣ್ಣಗೆ, ಅಲ್ವಾ ಸಾರ್?"

"ಹೌದು" ಎಂದೆ. "ನನಗಂತೂ ಮೊಣಕಾಲಿನವರೆಗೆ ಮರಗಟ್ಟಿಹೋಗಿತ್ತು."